ಮಜ್ಜಿಗೆ ಚೆಲ್ಲದ ಗಾಡಿ

ಆನಂದಪ್ಪನವರ ಮುತ್ತಜ್ಜ ಗುರುಮಲ್ಲಪ್ಪ ಕಟ್ಟಿದ ಗಾಡಿ, ಕುಮುದ್ವತಿ ತುಂಬಿ ಹರಿಯುವಾಗ ಹನ್ನೊಂದು ಚೀಲ ಭತ್ತ ಹೊತ್ತು ಆಚೆ ದಡ ಮುಟ್ಟಿತ್ತು. ಒಂದು ಚೀಲವೂ ನೆನೆಯಲಿಲ್ಲವಂತೆ. ಎತ್ತುಗಳು ಮಾತ್ರ ಆಮೇಲೆ ಮೂರು ದಿನ ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ ಎಂಬುದನ್ನು ಮನೆಯವರು ಹೇಳುವುದಿಲ್ಲ. ಅಜ್ಜ ಉಜ್ಜಪ್ಪನದು ಇನ್ನೂ ದೊಡ್ಡ ಹೆಸರು. ಹೊಸ ಗಾಡಿಯನ್ನು ಕೊಂಡವನ ಕೈಗೆ ಒಪ್ಪಿಸುವ ಮೊದಲು ತಾನೇ ಅದರಲ್ಲಿ ಕೂರುವನು. ತೊಡೆಯ ಮೇಲೆ ಕಂಠಮಟ್ಟ ಮಜ್ಜಿಗೆ ತುಂಬಿದ ಚೆಂಬು ಇಟ್ಟುಕೊಂಡು ಕೆರೆ ಏರಿಯವರೆಗೆ ಹೋಗಿ ಬರುವನು. ಒಂದು ಹನಿ ಚೆಲ್ಲಿದರೆ ಗಾಡಿ ಮತ್ತೆ ಕೊಟ್ಟಿಗೆಗೆ. ಚೆಲ್ಲದಿದ್ದರೆ ಆ ಮಜ್ಜಿಗೆಯನ್ನು ಕೊಂಡವನಿಗೇ ಕುಡಿಸಿ ಕಳಿಸುವನು. ಸುತ್ತ ಹತ್ತು ಹಳ್ಳಿಯಲ್ಲಿ ಉಜ್ಜಪ್ಪ ಕೂತೆದ್ದ ಗಾಡಿ ಎಂದರೆ ಮುಗಿಯಿತು, ಬೇರೆ ಸಾಕ್ಷಿ ಬೇಡ.

ಇನ್ನು ಅಪ್ಪ. ಅಪ್ಪನ ಕಥೆಯನ್ನು ಆನಂದಪ್ಪನವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಜ್ವರ ಬಂದು ಮಲಗಿದ್ದಾಗ ಅಪ್ಪ ಒಂದೇ ಒಂದು ಗಾಡಿಯನ್ನು ಕೂತು ನೋಡದೆ ಕಳಿಸಿದ್ದರು. ಈಸೂರಿನ ದಾರಿಯಲ್ಲಿ ಚಕ್ರ ಜಾರದಂತೆ ತಡೆಯುವ ಕಡಾಣಿ ಕಳಚಿ ಚಕ್ರ ಒಂದು ದಿಕ್ಕು, ಗಾಡಿ ಒಂದು ದಿಕ್ಕು. ಒಳಗಿದ್ದ ಬಾಣಂತಿ ಕೂಸನ್ನು ಅವುಚಿಕೊಂಡು ಗದ್ದೆಗೆ ಉರುಳಿದಳು. ಇಬ್ಬರಿಗೂ ಏನೂ ಆಗಲಿಲ್ಲ. ಆದರೆ ಅಪ್ಪ ಅಂದು ಕೆಳಗಿಟ್ಟ ಬಾಚಿಯನ್ನು ಮತ್ತೆ ಎತ್ತಲಿಲ್ಲ.

ಹೀಗಾಗಿ ಆನಂದಪ್ಪನವರು ಗಾಡಿ ಕಟ್ಟಲಿಲ್ಲ. ಆದರೆ ಉಳಿದದ್ದನ್ನೆಲ್ಲ ಯಾರ ಹಂಗೂ ಇಲ್ಲದೆ ಕಲಿತರು. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಆದ್ದರಿಂದಲೇ ಅವರು ಇವತ್ತಿಗೂ ಊರಿನ ಹೆಸರುಗಳನ್ನು ಓದುವಷ್ಟು ಸಲೀಸಾಗಿ ಬೇರೆ ಏನನ್ನೂ ಓದಲಾರರು. ಟಿಲ್ಲರ್ ಬಿಚ್ಚಿ ಜೋಡಿಸುವುದನ್ನು ಕಲಿತದ್ದು ಬಿಚ್ಚಿ ಜೋಡಿಸಿಯೇ. ಜೋಡಿಸಿದ ಮೇಲೆ ನಾಲ್ಕು ನಟ್ಟು ಮಿಕ್ಕರೆ, "ಕಂಪನಿಯೋರು ಜಾಸ್ತಿ ಹಾಕಿರ್ತಾರೆ" ಎನ್ನುವರು. ಅರವತ್ತೊಂಬತ್ತು ವರ್ಷದಲ್ಲಿ 'ಸ್ವಲ್ಪ ಕೈ ಕೊಡು' ಎಂದು ಅವರು ಯಾರನ್ನೂ ಕೇಳಿದ್ದಿಲ್ಲ.

ಈಗ ಆ ಕೈಯೇ ಕೈಕೊಟ್ಟಿತ್ತು.

ಎರಡು ವರ್ಷದಿಂದ ಎರಡೂ ಕೈ ನಡುಗುತ್ತಿದ್ದವು. ಕಾಫಿಯ ಬಸಿ ಹಿಡಿದರೆ ಲೋಟ ಅದರ ಮೇಲೆ ಭಜನೆ ಶುರುಮಾಡುತ್ತಿತ್ತು. ಇದು ಹೆಂಡತಿ ದುರ್ಗಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ ಎಂದು ಅವರ ನಂಬಿಕೆ. ಇಂಥ ಹೊತ್ತಿನಲ್ಲೇ ಸೊಸೆ, ಮಗ ತೀರ್ಥೇಶನ ಹೆಂಡತಿ ಶ್ರೀಲತಾ, ಸೊರಬದ ಆಚೆ ಜಡೆ ಎಂಬ ಊರಿನ ತವರಿನಲ್ಲಿ ಅವಳಿ ಹೆಣ್ಣುಮಕ್ಕಳನ್ನು ಹೆತ್ತಳು. ಮಾನ್ಯಾ, ಕ್ಷಮಾ. ಆನಂದಪ್ಪನವರು ಮೂರು ಸಲ ನೋಡಿ ಬಂದರು, ಮೂರು ಸಲವೂ ಎತ್ತಿಕೊಳ್ಳಲಿಲ್ಲ. ಮೊದಲ ಸಲ ನೆಗಡಿ ಅಂದರು. ಎರಡನೆಯ ಸಲ ಬಸ್ಸಿನ ಧೂಳು ಅಂದರು. ಮೂರನೆಯ ಸಲ ನಾಮಕರಣಕ್ಕೆ ಹೋದಾಗ ಏನೂ ಹೊಳೆಯದೆ ಉಗುರು ತೆಗೆದಿಲ್ಲ ಅಂದರು. ಆಗಲೇ ಬೀಗಿತ್ತಿ ನಿರ್ಮಲಮ್ಮ ಅಡುಗೆಮನೆಯಲ್ಲಿ ಯಾರಿಗೋ ಹೇಳಿದ್ದು ಕಿವಿಗೆ ಬಿತ್ತು.

"ಬೀಗ್ರು ಮಕ್ಕಳನ್ನ ಮುಟ್ಟದೇ ಇಲ್ಲ ಮಾರಾಯ್ತಿ. ಎರಡೂ ಹೆಣ್ಣಾತು ಅಂತ ಬೇಜಾರೋ ಎಂತದೋ."

ಆ ಮಾತು ಜಡೆಯಿಂದ ಶಿಕಾರಿಪುರದವರೆಗೆ ಬಸ್ಸಿನಲ್ಲಿ ಅವರ ಪಕ್ಕದ ಸೀಟಿನಲ್ಲೇ ಕೂತು ಬಂತು. ನಿಜ ಹೇಳೋಣವೆಂದರೆ ಕೈ ನಡುಗುವ ಮುದುಕನೆಂದು ಊರಿಗೆ ಗೊತ್ತಾಗುತ್ತದೆ. ಹೇಳದಿದ್ದರೆ ಮೊಮ್ಮಕ್ಕಳನ್ನು ಒಲ್ಲದ ಅಜ್ಜ. ಎತ್ತಿಕೊಂಡರೆ? ಎತ್ತಿಕೊಂಡು ಜಾರಿಸಿದರೆ? ಅಲ್ಲಿಂದ ಮುಂದಕ್ಕೆ ಅವರ ಯೋಚನೆ ಹೋಗುತ್ತಲೇ ಇರಲಿಲ್ಲ. ಬೆವರು ಮಾತ್ರ ಬರುತ್ತಿತ್ತು.

ಐದನೇ ತಿಂಗಳು ಸೊಸೆ ಮಕ್ಕಳೊಂದಿಗೆ ಬರುವುದು ಗೊತ್ತಾದ ದಿನ ಆನಂದಪ್ಪನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಮಕ್ಕಳಿಗೆ ತಳ್ಳೋ ಗಾಡಿ ತರ್ತೀನಿ. ಗುರುಮಲ್ಲಪ್ಪನ ಮರಿಮಗ ನಾನು. ಗಾಡಿ ಆರಿಸೋದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ."

"ತೀರ್ಥೇಶನ್ನ ಜೊತೀಗೆ ಕರ್ಕಂಡು ಹೋಗ್ರಿ" ಎಂದಳು ದುರ್ಗಮ್ಮ.

"ಅವನು ಪಂಪ್‌ಸೆಟ್ ರಿಪೇರಿ ಮಾಡೋನು. ಅವನಿಗೆ ಚಕ್ರದ ಸಂಗತಿ ಏನು ಗೊತ್ತೈತೆ?"

ಶಿಕಾರಿಪುರದ ಎರಡು ಅಂಗಡಿಗಳ ಗಾಡಿಗಳು ಅವರ ಮನಸ್ಸಿಗೆ ಬರಲಿಲ್ಲ. ಒಂದರ ಚಕ್ರ ವಡೆಯಷ್ಟಿತ್ತು. ಇನ್ನೊಂದು ಮುಟ್ಟಿದ ಕೂಡಲೇ ಛತ್ರಿಯ ಹಾಗೆ ಮಡಚಿಕೊಂಡಿತು. ಒಳಗೆ ಮಗು ಇದ್ದಿದ್ದರೆ ಎಂದು ನೆನೆದು ಅವರು ಅಂಗಡಿಯ ಸ್ಟೂಲಿನ ಮೇಲೆ ಕೂತು ನೀರು ಕೇಳಿದರು. ಕಡೆಗೆ ಬಸ್ಸು ಹತ್ತಿ ಸೊರಬದಲ್ಲಿ ನಾಗರಾಜನ ಅಂಗಡಿಗೆ ಹೋದರು. ಅಲ್ಲಿ ಎರಡು ಸೀಟು ಅಕ್ಕಪಕ್ಕ ಇರುವ ಗಾಡಿಯಿತ್ತು, ಜೋಡೆತ್ತಿನ ಹಾಗೆ.

"ಕಡಾಣಿ ಎಲ್ಲೈತೆ ಇದಕ್ಕೆ?"

"ಕಡಾಣಿ ಇಲ್ಲ ಯಜಮಾನ್ರೆ. ಒಳಗೇ ಲಾಕ್ ಇರ್ತದೆ."

"ಕಣ್ಣಿಗೆ ಕಾಣದ ಕಡಾಣೀನ ನಂಬೋದು ಹೆಂಗೆ? ಇದೇನಿದು, ಕೀಲೆಣ್ಣೆ ಬಟ್ಟಲಾ?"

"ಅದು ಕಾಫಿ ಲೋಟ ಇಡೋ ಜಾಗ."

"ಐದು ತಿಂಗಳ ಕೂಸು ಕಾಫಿ ಕುಡೀತದಾ?"

"ತಳ್ಳೋರಿಗೆ ಅದು."

ಆನಂದಪ್ಪನವರು ಹಿಡಿಕೆಗೆ ಕೈ ಹಾಕಿದರು. ನಾಲ್ಕು ಹೆಜ್ಜೆ ತಳ್ಳಿದರು. ತಟ್ಟನೆ ನಿಂತರು. ಕೈ ನಡುಗುತ್ತಿರಲಿಲ್ಲ. ಬಿಗಿಯಾಗಿ ಹಿಡಿದ ಸರಳಿನ ಮೇಲೆ ಹತ್ತು ಬೆರಳೂ ಶಾಲೆಯ ಪ್ರಾರ್ಥನೆಯಲ್ಲಿ ನಿಂತ ಮಕ್ಕಳಂತೆ ತೆಪ್ಪಗೆ ನಿಂತಿದ್ದವು. ಇನ್ನು ಮಕ್ಕಳನ್ನು ಎತ್ತದೆಯೇ ಊರೆಲ್ಲ ಮೆರೆಸಬಹುದು; ನಿರ್ಮಲಮ್ಮನ ಬಾಯಿಯೂ ಮುಚ್ಚುತ್ತದೆ. ಅವರ ಕಣ್ಣು ತುಂಬಿತು. ಅದನ್ನು ಮರೆಮಾಡಲು ಗದರಿದರು: "ಕೂತು ನೋಡಬೇಕಲ್ಲ."

"ಎಂತ? ನೀವಾ? ಬ್ಯಾಡ ಯಜಮಾನ್ರೆ, ನಿಮ್ಮ ಕಾಲಿಗೆ ಬೀಳ್ತೀನಿ."

ಕೂರದೆಯೇ ತಂದರು. ತಂದ ಮೇಲೆ ಹಿಡಿಯಿತು ಭಯ. ಕೂತು ನೋಡದ ಗಾಡಿ. ಅಪ್ಪನೂ ಕೂತು ನೋಡಿರಲಿಲ್ಲ. ನಾಲ್ಕು ದಿನ ಗಾಡಿ ನಡುಮನೆಯಲ್ಲಿತ್ತು. ನಾಲ್ಕು ದಿನವೂ ಅವರು ಅದರ ಸುತ್ತ ದೇವರಿಗೆ ಸುತ್ತು ಬಂದಂತೆ ಬಂದು, ಬಗ್ಗಿ ಚಕ್ರ ಅಲ್ಲಾಡಿಸಿದರು. ಅಲ್ಲಾಡಿದರೆ ಸಡಿಲವೆಂದು ಭಯ, ಅಲ್ಲಾಡದಿದ್ದರೆ ಬಿಗಿಯೆಂದು ಭಯ. ಊಟ ಸೇರಲಿಲ್ಲ.

ಐದನೆಯ ದಿನ ಬೆಳಿಗ್ಗೆ ತೀರ್ಥೇಶ್ ಬಾಡಿಗೆ ಕಾರು ಮಾಡಿಕೊಂಡು ಹೆಂಡತಿ ಮಕ್ಕಳನ್ನು ಕರೆತರಲು ಜಡೆಗೆ ಹೋದ. ಹೊತ್ತೇರಿದ ಮೇಲೆ ದುರ್ಗಮ್ಮ ಹೋಳಿಗೆಗೆಂದು ಒಲೆಯ ಮೇಲೆ ಹಂಚು ಇಟ್ಟಳು. ಆನಂದಪ್ಪನವರು ಗಾಡಿಯನ್ನು ಅಂಗಳಕ್ಕೆ ಇಳಿಸಿ, ಚೆಂಬಿನ ತುಂಬ ಮಜ್ಜಿಗೆ ಬಗ್ಗಿಸಿಕೊಂಡು ಬಂದರು.

"ಏ, ಬಾ ಇಲ್ಲಿ. ಮೂರು ಸುತ್ತು ತಳ್ಳು."

ದುರ್ಗಮ್ಮ ಹೊಸಿಲಲ್ಲೇ ನಿಂತಳು. "ನಲವತ್ನಾಲ್ಕು ವರ್ಷ ತಳ್ಳಿದ್ದು ಸಾಲ್ದೇನ್ರೀ?"

"ತಮಾಷೆ ಅಲ್ಲ. ನಮ್ಮನೆಯೋರು ಕೂರದ ಗಾಡೀಲಿ ಕೂಸು ಕೂರಬಾರದು."

ಗಂಡನ ಮುಖ ನೋಡಿ ಅವಳು ಬಂದು ಹಿಡಿಕೆ ಹಿಡಿದಳು. ಜೋಳದ ದಂಟಿನಂಥ ಮೈ ಆನಂದಪ್ಪನವರದು; ಆದರೂ ಎಡಗಡೆಯ ಸೀಟಿಗೆ ಇಳಿಯುವಾಗ ಎರಡು ಸಲ ಉಸಿರು ಬಿಡಬೇಕಾಯಿತು. ಮಂಡಿ ಗದ್ದಕ್ಕೆ ಬಂತು. ಪರೀಕ್ಷೆಯೆಂದರೆ ಪೂರ್ತಿ ಪರೀಕ್ಷೆ ಎಂದು ಪಟ್ಟಿಗಳನ್ನು ಉದ್ದಕ್ಕೆ ಎಳೆದು ಹೆಗಲ ಮೇಲೆ ಎರಡು, ಸೊಂಟಕ್ಕೆ ಎರಡು, ಕಾಲ ನಡುವೆ ಒಂದು, ಐದನ್ನೂ ಒಂದೇ ಬೀಗಕ್ಕೆ ಸೇರಿಸಿದರು. ಕಟಕ್ ಎಂದಿತು. ಆ ಸದ್ದು ಅವರಿಗೆ ಬಲು ಹಿಡಿಸಿತು. ಆಮೇಲೆ ಚೆಂಬು ತೆಗೆದುಕೊಂಡು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದರು. ಮಜ್ಜಿಗೆ ಚೆಲ್ಲಿತು.

"ಗಾಡಿ ಇನ್ನೂ ಹೊರಟೇ ಇಲ್ಲ" ಎಂದಳು ದುರ್ಗಮ್ಮ, ಮೆತ್ತಗೆ.

ಅವರು ಕೈ ತೆಗೆದು ಚೆಂಬನ್ನು ತೊಡೆಗಳ ನಡುವೆ ಅಮುಕಿಕೊಂಡರು. "ತಳ್ಳು."

ಒಂದು ಸುತ್ತು ಆಯಿತು. ಹನಿ ಚೆಲ್ಲಲಿಲ್ಲ. ಎರಡನೆಯದೂ ಆಯಿತು. ಮೂರನೆಯ ಸುತ್ತಿಗೆ, ಅಂಗಳ ಮುಗಿದು ಓಣಿ ಇಳಿಜಾರಾಗುವ ಕಡೆ ತಿರುಗುವಾಗ, ಒಳಗಿಂದ ಹೋಳಿಗೆ ಸೀದ ವಾಸನೆ ಬಂತು. "ಅಯ್ಯೋ ಹಂಚು" ಎಂದು ದುರ್ಗಮ್ಮ ಕೈಬಿಟ್ಟು ಓಡಿದಳು. ಬ್ರೇಕಿನ ಪೆಡಲು ಹಿಂದೆ, ಚಕ್ರದ ಬಳಿ ಇದೆಯೆಂದು ನಾಗರಾಜ ಹೇಳಿದ್ದ. ಕೂತವನು ಬ್ರೇಕು ಹಾಕುವುದು ಹೇಗೆಂದು ಅವನೂ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ಗಾಡಿ ಹೊರಟಿತು. ಮೊದಲು ಯಜಮಾನರ ಅಪ್ಪಣೆ ಕೇಳುವಂತೆ ಮೆಲ್ಲಗೆ; ಅಪ್ಪಣೆ ಬಾರದಿದ್ದಾಗ ತನ್ನಿಷ್ಟದಂತೆ. ಕಾಲು ಚಾಚಿ ನಿಲ್ಲಿಸೋಣವೆಂದರೆ ಮಂಡಿ ಗದ್ದದಡಿ ಸಿಕ್ಕಿತ್ತು. ಬೀಗದ ಗುಂಡಿ ಒತ್ತಿದರು, ಎಳೆದರು, ತಿರುವಿದರು. ಕೂಸುಗಳು ಬಿಚ್ಚಬಾರದೆಂದು ಮಾಡಿದ ಬೀಗ. ಅದು ಅಜ್ಜ ಕೂಸೆಂಬ ಭೇದ ಮಾಡಲಿಲ್ಲ. ಕೆಳಗೆ ಚಕ್ರ ಟಕಟಕ ಎಂದಿತು. ಆನಂದಪ್ಪನವರಿಗೆ ಈಸೂರಿನ ದಾರಿ, ಗದ್ದೆ, ಉರುಳಿದ ಬಾಣಂತಿ ಎಲ್ಲ ಕಣ್ಣ ಮುಂದೆ ಬಂದವು. ಕಣ್ಣು ಮುಚ್ಚಿದರು. ಮುಚ್ಚಿದರೆ ಇನ್ನೂ ಜೋರಾಗಿ ಹೋದಂತೆ ಅನ್ನಿಸಿ ತೆರೆದರು.

ತನ್ನ ಮನೆಯ ಜಗಲಿಯ ಮೇಲೆ ಪೇಪರು ಓದುತ್ತಿದ್ದ ನೆರೆಯ ಗುರುಪ್ರಕಾಶ್, ಓಣಿಯಲ್ಲಿ ಹೋಗುವವರನ್ನೆಲ್ಲ ಕೇಳುವಂತೆ ತಲೆಯೆತ್ತದೆಯೇ ಕೇಳಿದ: "ಎಲ್ಲಿಗೆ ಹೊರಟ್ರಿ ಆನಂದಪ್ಪನೋರೇ?"

"ಇಲ್ಲೇ, ರಸ್ತೆ ಕಡೀಗೆ" ಎಂದರು ಇವರು, ರೂಢಿಯ ಬಲದಿಂದ.

ಆ ರಸ್ತೆಯಲ್ಲಿ ಮರಳಿನ ಲಾರಿಗಳು ಓಡಾಡುತ್ತವೆ. ಇನ್ನು ಹತ್ತು ಮಾರು. ಓಣಿಯ ಬಾಯಿಗೆ ಬಿಳಿ ಕಾರೊಂದು ತಿರುಗಿತು. ಬ್ರೇಕು ಕಿರುಚಿತು. ಬಾಗಿಲು ತೆರೆದು ಹಾರಿದ ತೀರ್ಥೇಶ್ ಎರಡೂ ಕೈಯಲ್ಲಿ ಗಾಡಿಯ ಮುಂದಿನ ಸರಳು ಹಿಡಿದ. ಗಾಡಿ ನಿಂತಿತು. ಮಜ್ಜಿಗೆ ನಿಲ್ಲಲಿಲ್ಲ, ಎದ್ದು ಬಂದು ಆನಂದಪ್ಪನವರ ಮುಖ, ಮೀಸೆ, ಅಂಗಿಯ ಮೇಲೆಲ್ಲ ಕೂತಿತು. ಖಾಲಿ ಚೆಂಬು ಓಣಿಗೆ ಉರುಳಿತು.

ಕಾರಿನಿಂದ ಶ್ರೀಲತಾ ಇಳಿದಳು, ಹೆಗಲ ಮೇಲೆ ಮಾನ್ಯಾ. ಹಿಂದೆ ನಿರ್ಮಲಮ್ಮ, ತೋಳಲ್ಲಿ ಕಿರುಚಾಡುತ್ತಿದ್ದ ಕ್ಷಮಾ. ದಾರಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿ ನಿರ್ಮಲಮ್ಮನ ಮುಖ ಬಿಳಿಚಿಕೊಂಡಿತ್ತು.

"ಎಂತ ಬೀಗ್ರೆ ಇದು?"

"ಗಾಡಿ ನೋಡ್ತಿದ್ದೆ" ಎಂದರು ಆನಂದಪ್ಪನವರು, ಮೀಸೆಯಿಂದ ಬೆಣ್ಣೆಯ ಚೂರು ತೆಗೆಯುತ್ತ.

ತೀರ್ಥೇಶ್ ಬೀಗ ಒತ್ತಿದ. ಬರಲಿಲ್ಲ. ಓಡಿ ಬಂದ ದುರ್ಗಮ್ಮ ಎಳೆದಳು. ಬರಲಿಲ್ಲ. ಗುರುಪ್ರಕಾಶ್ ಪೇಪರು ಮಡಚಿ ಕುಡುಗೋಲು ತಂದ. "ಪಟ್ಟಿ ಕೊಯ್ದು ಬಿಡ್ತೀನಿ, ಅಲ್ಲಾಡಬ್ಯಾಡಿ."

"ಮುಟ್ಟಿದರೆ ನೋಡು. ಪಟ್ಟಿ ಕೊಯ್ದರೆ ಮಕ್ಕಳನ್ನ ಹಿಡಿಯೋದು ಯಾವುದು?"

ಆ ಹೊತ್ತಿಗೆ ನಿರ್ಮಲಮ್ಮನ ಹೊಟ್ಟೆಯ ತಾಳ್ಮೆ ಮುಗಿದಿತ್ತು. "ಅಯ್ಯೋ, ಹಿಡ್ಕಳಿ ಇವಳನ್ನ" ಎಂದು, ಹತ್ತಿರದಲ್ಲಿ ಸಿಕ್ಕ ಮಡಿಲಿಗೆ ಕ್ಷಮಾಳನ್ನು ಹಾಸುಬಟ್ಟೆಯ ಸಮೇತ ಇಳಿಸಿ ಬೇಲಿಯ ಕಡೆ ಓಡಿದರು.

ಆ ಮಡಿಲು ಆನಂದಪ್ಪನವರದು.

"ತಗೊಳ್ರೋ. ಯಾರಾದ್ರೂ ತಗೊಳ್ರೋ. ನನ್ನ ಕೈ ನಡುಗ್ತದೆ, ನಾನು ಜಾರಿಸಿಬಿಡ್ತೀನಿ" ಎಂದರು. ಎರಡು ವರ್ಷ ಮುಚ್ಚಿಟ್ಟದ್ದು ಓಣಿಯ ನಡುವೆ, ಬೀಗಿತ್ತಿಯ ಮುಂದೆ, ಒಂದೇ ಉಸಿರಿಗೆ ಹೊರಗೆ ಬಂತು. ಬೇಲಿಗೆ ಬಗ್ಗಿದ್ದ ನಿರ್ಮಲಮ್ಮ ಬಗ್ಗಿದಂತೆಯೇ ತಿರುಗಿ ನೋಡಿದರು.

ಶ್ರೀಲತಾ ಮಾತ್ರ ಗಾಬರಿಯಾಗಲಿಲ್ಲ. "ಗೊತ್ತು ಮಾವ. ನಾಮಕರಣದ ದಿನ ನಿಮ್ಮ ಕಾಫಿ ಬಸಿ ಸದ್ದು ಕೇಳಿದ್ದೆ. ಈಗ ನೀವು ಎಲ್ಲಿಗೆ ಜಾರಿಸ್ತೀರಿ? ಐದು ಪಟ್ಟಿ ನಿಮ್ಮನ್ನ ಹಿಡಿದಿದಾವೆ. ಮಂಡಿ ಎರಡು ಕಡೆ ಗೋಡೆ ಇದ್ದಂಗೆ ಇದಾವೆ. ತಲೆ ಕೆಳಗೆ ಒಂದು ಕೈ ಕೊಡಿ ಸಾಕು."

ಅವರು ಕೈ ಕೊಟ್ಟರು. ಕೈ ನಡುಗಿತು. ಸಣ್ಣಗೆ, ಬಿಡದೆ, ಎಡಕ್ಕೂ ಬಲಕ್ಕೂ. ಕ್ಷಮಾ ಅಳು ನಿಲ್ಲಿಸಿದಳು. ಅಜ್ಜನ ಮೀಸೆಯ ಮಜ್ಜಿಗೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಣ್ಣು ಭಾರವಾಗಿ ನಿದ್ದೆಹೋದಳು.

ಮುಖ ಒರೆಸಿಕೊಂಡು ಬಂದ ನಿರ್ಮಲಮ್ಮ ತಮ್ಮ ಕಣ್ಣನ್ನು ತಾವೇ ನಂಬಲಿಲ್ಲ. "ಜಡೆಯಿಂದ ಒಂದೇ ಸಮ ಅತ್ತದ್ದು ಇದು. ತೊಟ್ಟಿಲಿಗೆ ಹಾಕಿ ತೂಗಿದ್ರೂ ಮಲಗೂದಿಲ್ಲ." ಆಮೇಲೆ ದನಿ ತಗ್ಗಿಸಿ ಅಂದರು: "ನಾನು ಎಂತೆಂತದೋ ಅಂದ್ಕಂಡಿದ್ದೆ, ಬೀಗ್ರೆ."

ಆನಂದಪ್ಪನವರು ತೊಡೆಯನ್ನೇ ನೋಡುತ್ತಿದ್ದರು. ಚೆಂಬು ಇದ್ದ ಜಾಗದಲ್ಲಿ ಈಗ ಕೂಸು ಇತ್ತು; ಒಂದು ಹನಿಯೂ ಚೆಲ್ಲಿರಲಿಲ್ಲ.

ಅಷ್ಟರಲ್ಲಿ ತೀರ್ಥೇಶ್ ಮೊಬೈಲಿನಲ್ಲಿ ಯಾವುದೋ ವಿಡಿಯೋ ಹುಡುಕಿ ತೆಗೆದಿದ್ದ. "ಅಪ್ಪಾ, ಸಿಕ್ತು. ನಡುವಿನ ಗುಂಡಿ ಒತ್ತಿ ಹಿಡ್ಕಂಡು ಮೇಲಕ್ಕೆ ಎಳೀಬೇಕಂತೆ. ಈಗ ಬಿಚ್ತೀನಿ ನೋಡು."

ಆನಂದಪ್ಪನವರು ಇನ್ನೊಂದು ಕೈಯಿಂದ ಬೀಗವನ್ನು ಮುಚ್ಚಿಕೊಂಡರು.

"ಕೈ ತೆಗಿಯೋ. ಗಾಡೀಲಿ ಕೂತೋರು ಏಳ್ತೀವಿ ಅಂದ ಮೇಲೆ ಪರೀಕ್ಷೆ ಮುಗಿಯೋದು. ಇವಳು ಇನ್ನೂ ಅಂದಿಲ್ಲ."