ಪಾರಿವಾಳಕ್ಕೆ ಬಣ್ಣ, ಬಾಗಿಲಿಗೆ ಚಪ್ಪಲಿ

ನಮ್ಮ ಮನೆಗೆ ಬರುತ್ತಿದ್ದವರೆಲ್ಲ ನನ್ನನ್ನು ನೋಡಲು ಬರುತ್ತಾರೆ ಎಂದೇ ನಾನು ಬಹಳ ಕಾಲ ನಂಬಿದ್ದೆ. ಮಗಳ ಕಾಲೇಜಿಗೆಂದು ಹೆಂಡತಿ ಐರಿನ್ ಅವಳನ್ನು ಕರೆದುಕೊಂಡು ಮಂಗಳೂರಿಗೆ ಹೋದ ಮೇಲೆ, ಕುವೈತಿನ ಮೈದಾನ್ ಹವಲ್ಲಿಯ ನಮ್ಮ ಫ್ಲಾಟಿನ ಕರೆಗಂಟೆ ಬಾಯಿ ಮುಚ್ಚಿತು. ಆಗ ತಿಳಿಯಿತು, ಜನ ಬರುತ್ತಿದ್ದುದು ಐರಿನ್‌ಳ ಮಾತಿಗೆ ಮತ್ತು ಅವಳ ಮೀನು ಸಾರಿಗೆ. ನಾನು ಬಾಗಿಲು ತೆರೆಯುವವನಷ್ಟೇ. ಗಂಟೆಯೇ ಕೆಟ್ಟಿರಬಹುದೆಂಬ ಆಸೆಯಿಂದ ಒಂದು ದಿನ ಹೊರಗೆ ಹೋಗಿ ನಾನೇ ಒತ್ತಿ ನೋಡಿದೆ. ಚೆನ್ನಾಗಿಯೇ ಕೂಗಿತು. ಅಷ್ಟರಲ್ಲಿ ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ಒಳಗಿನಿಂದ ತೆರೆಯಲು ಯಾರೂ ಇಲ್ಲವೆಂದು ಹೊಳೆದು, ಬೀಗದ ಕೈಗಾಗಿ ಜೇಬು ತಡಕಾಡಿದೆ. ಪುಣ್ಯಕ್ಕೆ ಇತ್ತು.

ಇಂಥ ಹೊತ್ತಿನಲ್ಲಿ ನನ್ನ ಪಾಲಿಗೆ ಬಂದದ್ದು ಒಂದು ಚೀಲದ ತುಂಬ ಪ್ಲಾಸ್ಟಿಕ್ ಪಾರಿವಾಳಗಳು. ನಮ್ಮ ಕಂಪೆನಿಯ ಯಜಮಾನರನ್ನು ಎಲ್ಲರೂ ಅಬು ನಾಸಿರ್ ಎನ್ನುತ್ತಾರೆ. ಬೇಸಗೆ ಬಂತೆಂದರೆ ಅವರು ಇಲ್ಲಿನ ಉರಿ ತಪ್ಪಿಸಿಕೊಂಡು ಯುರೋಪಿನ ಯಾವುದೋ ತಣ್ಣನೆಯ ಹಳ್ಳಿಗೆ ಹೋಗಿ, ಕೊಯ್ಲು ಮುಗಿದ ಗೋಧಿ ಹೊಲಗಳಲ್ಲಿ ಪಾರಿವಾಳ ಹೊಡೆಯುತ್ತಾರೆ. ಹೊಲದಲ್ಲಿ ಇಂಥ ಹುಸಿ ಹಕ್ಕಿಗಳನ್ನು ಇಟ್ಟರೆ, ಮೇಲೆ ಹಾರುವ ನಿಜವಾದವು ತಮ್ಮವರೇ ಮೇಯುತ್ತಿದ್ದಾರೆಂದು ಕೆಳಗಿಳಿಯುತ್ತವಂತೆ. ಎಂಥ ದಡ್ಡ ಹಕ್ಕಿಗಳು ಎಂದು ಬೈದುಕೊಂಡೆ. ನಾನೋ ಜಿರಲೆಗೂ ಮರ್ಯಾದೆಯಿಂದ ಬಾಗಿಲು ತೋರಿಸಿ ಕಳಿಸುವವನು, ಕೆಲಸವೋ ಅಕೌಂಟ್ಸ್. ಆದರೆ ಕ್ರಿಸ್ಮಸ್ಸಿಗೆ ನಾನು ಮಾಡಿದ ಗೋದಲಿಯ ಫೋಟೋವನ್ನು ಯಜಮಾನರು ನನ್ನ ಫೋನಿನಲ್ಲಿ ನೋಡಿಬಿಟ್ಟಿದ್ದರು. “ಕುರಿಗೆ ಬಣ್ಣ ಹಚ್ಚಿದ್ದು ನೀನೇ? ಹಾಗಾದರೆ ಪಾರಿವಾಳಕ್ಕೂ ಹಚ್ಚುತ್ತೀಯ, ಯಲ್ಲಾ” ಎಂದರು. ಇಲ್ಲಿ ಉಳಿಯಲು ಬೇಕಾದ ಇಕಾಮಾ ಮಾಡಿಸಿಕೊಡುವ ಕೈ ಕುಂಚ ಕೊಟ್ಟರೆ ಬೇಡ ಎನ್ನುವವರುಂಟೇ?

ಹಳೆಯ ಹಕ್ಕಿಗಳ ಬಣ್ಣ ತಿಕ್ಕಿ ತಿಕ್ಕಿ ಹೊಳೆಯುತ್ತಿತ್ತು. ಹೊಳಪು ಕಂಡರೆ ಮೇಲಿನ ಹಕ್ಕಿ ಅನುಮಾನಪಟ್ಟು ತಿರುಗಿ ಹೋಗುತ್ತದಂತೆ. ಹಾಗಾಗಿ ಒಂದೊಂದನ್ನೂ ಪಾಲಿಷ್ ಪೇಪರಿನಿಂದ ಉಜ್ಜಿ, ಹೊಳಪಿಲ್ಲದ ಬೂದು ಬಣ್ಣ ಬಳಿದು, ಕುತ್ತಿಗೆಯ ಪಕ್ಕ ಬಿಳಿ ಮಚ್ಚೆ ಇಟ್ಟೆ. ಒಣಗಲು ಜಾಗವಿದ್ದದ್ದು ಊಟದ ಮೇಜಿನ ಮೇಲೆ ಮಾತ್ರ. ಅನ್ನ ಬಡಿಸಿಕೊಂಡು ಕೂತರೆ ಸುತ್ತ ಅಷ್ಟೂ ಹಕ್ಕಿಗಳು ನನ್ನ ತಟ್ಟೆಯನ್ನೇ ನೋಡುತ್ತಿದ್ದವು. ಮೊದಲು ಮುಜುಗರವಾಯಿತು, ಆಮೇಲೆ ಮಾತಾಡಿಸತೊಡಗಿದೆ. ಮಗಳಿಗೆ ಅವುಗಳ ಫೋಟೋ ಕಳಿಸಿದರೆ “ನೈಸ್ ಡ್ಯಾಡ್” ಎಂದು ಉತ್ತರ ಬಂತು. ಐರಿನ್ ಮಾತ್ರ ಫೋನ್ ಮಾಡಿ, ಆ ಮೇಜಿನ ಮೇಲೆ ಹಳೆ ಪೇಪರ್ ಹಾಸಿದ್ದೀರಾ ಎಂದು ಕೇಳಿದಳು. ಹಾಸಿರಲಿಲ್ಲ.

ಹಕ್ಕಿಗಳ ಜೊತೆ ನನ್ನನ್ನೂ ಯಜಮಾನರು ಸಲ್ವಾ ಬಡಾವಣೆಯ ತಮ್ಮ ಮನೆಗೆ ಕರೆಸಿಕೊಂಡರು. ಹೊಸ ಬಂದೂಕು ಮೈಗೆ ಸರಿಹೊಂದಬೇಕಂತೆ, ದರ್ಜಿ ಕೋಟಿನ ಅಳತೆ ನೋಡಿದ ಹಾಗೆ. ಯಜಮಾನರು ಅದನ್ನು ನಡುವೆ ಮಡಚಿ, ಎರಡು ಖಾಲಿ ನಳಿಕೆಗಳನ್ನು ನನಗೆ ತೋರಿಸಿ, ಮತ್ತೆ ಮುಚ್ಚಿ, ನನ್ನನ್ನು ಎದುರಿಗೆ ನಿಲ್ಲಿಸಿದರು. ಅವರು ಕಣ್ಣು ಮುಚ್ಚಿ ಬಂದೂಕನ್ನು ಹೆಗಲಿಗೇರಿಸಿ ಕಣ್ಣು ತೆರೆದಾಗ, ಅವರ ಕಣ್ಣಿನ ಗೊಂಬೆ ನಳಿಕೆಯ ಸರಿ ಮೇಲೆ ಕೂತಿದೆಯೇ ಎಂದು ನಾನು ಹೇಳಬೇಕು. ನಳಿಕೆ ಖಾಲಿಯೆಂದು ಗೊತ್ತಿದ್ದರೂ ಶಿಲುಬೆಯ ಗುರುತು ಹಾಕಿಕೊಂಡೇ ನೋಡಿದೆ. ಕಣ್ಣು ಕೆಳಗಿದೆ ಎಂದೆ. ಕೆನ್ನೆ ಒರಗುವ ಕಡೆಗೆ ರಬ್ಬರಿನ ಪಟ್ಟಿ ಅಂಟಿಸಿದರು. ಮತ್ತೆ ನೋಡಿದರು, ಮತ್ತೆ ಪಟ್ಟಿ. ನಾಚಿಕೆ ಬಿಟ್ಟು ಹೇಳುತ್ತೇನೆ: ಐರಿನ್ ಹೋದ ಮೇಲೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಅಷ್ಟು ಹೊತ್ತು ನೋಡಿದವರು ಅವರೊಬ್ಬರೇ. ಸರಿಯಾಯಿತು, ಖಲಾಸ್ ಎಂದಾಗ ಒಂಚೂರು ಬೇಸರವೇ ಆಯಿತು.

ಚಹಾ ಕುಡಿಯುತ್ತ ಅವರು ಕಾರ್ಪೆಟ್ಟಿನ ಮೇಲೆ ನನ್ನ ಹಕ್ಕಿಗಳನ್ನು ಜೋಡಿಸಿ ಪಾಠ ಹೇಳಿದರು. ಎಲ್ಲವೂ ಗಾಳಿಗೆ ಮುಖ ಮಾಡಬೇಕು. ಕುದುರೆ ಲಾಳದ ಆಕಾರದಲ್ಲಿ ಇಡಬೇಕು. ನಡುವೆ ಜಾಗ ಖಾಲಿ ಬಿಡಬೇಕು, ಏಕೆಂದರೆ ಬರುವ ಹಕ್ಕಿ ಇಳಿಯುವುದು ಅಲ್ಲಿಯೇ. “ಹಕ್ಕಿ ಖಾಲಿ ಹೊಲಕ್ಕೆ ಇಳಿಯುವುದಿಲ್ಲ, ಸಿರಿಲ್. ಗುಂಪು ಕಂಡರೆ ಮಾತ್ರ” ಎಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮ ಕಟ್ಟಡದಲ್ಲಿ ಎಲ್ಲರೂ ಚಪ್ಪಲಿ ಬಿಡುವುದು ಬಾಗಿಲ ಹೊರಗೆ. ನನ್ನ ಬಾಗಿಲಲ್ಲಿ ಒಂದೇ ಜೊತೆ, ಅದೂ ಸವೆದದ್ದು. ಖಾಲಿ ಹೊಲಕ್ಕೆ ಯಾರು ಇಳಿದಾರು? ಶುಕ್ರವಾರ ಬೆಳಿಗ್ಗೆ ಐರಿನ್ ಬಿಟ್ಟುಹೋದ ಚಪ್ಪಲಿ, ಮಗಳ ಹಳೆಯ ಶೂ, ನನ್ನ ಇಗರ್ಜಿಯ ಶೂ ಎಲ್ಲವನ್ನೂ ತಂದು ಲಾಳದಾಕಾರದಲ್ಲಿ ಜೋಡಿಸಿ, ನಡುವೆ ಜಾಗ ಬಿಟ್ಟೆ. ಟಿವಿಯ ದನಿ ಏರಿಸಿದೆ. ದೊಡ್ಡ ಪಾತ್ರೆಯಲ್ಲಿ ಚಹಾಕ್ಕೆ ನೀರಿಟ್ಟು ಕಾದೆ. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಬಾಗಿಲ ತನಕ ಬಂತು, ನಿಂತಿತು. ಕೋಳಿ ಸಾರಿನ ಪರಿಮಳವೂ ಒಳಗೆ ಬಂತು. ನಾನು ಶರಟಿನ ಗುಂಡಿ ಹಾಕಿಕೊಂಡು ಓಡುವಷ್ಟರಲ್ಲಿ ಹೆಜ್ಜೆ ಹಿಂದಕ್ಕೆ ಹೋಯಿತು.

ಮರುದಿನ ಸಂಜೆ ಲಿಫ್ಟಿನಲ್ಲಿ ಹಮೀದಾಕ ಸಿಕ್ಕಿದರು. ಬಂಟ್ವಾಳದ ಕಡೆಯ ಬ್ಯಾರಿ, ನಮ್ಮ ಮೇಲಿನ ಮಹಡಿಯವರು, ರುಮೈಥಿಯಾದಲ್ಲಿ ಅಂಗಡಿ. ಊರಿನ ಕಡೆ ಕ್ರೈಸ್ತರನ್ನು ಕರೆಯುವ ಹಾಗೆ ನನ್ನನ್ನು ಪೊರ್ಬುಗಳೇ ಎನ್ನುವವರು.

“ಏನು ಪೊರ್ಬುಗಳೇ, ನಿನ್ನೆ ಭಾರೀ ನೆಂಟರು! ನಾನು ಅಕ್ಕಿ ಪತ್ತಿರು, ಕೋಳಿ ಸಾರು ಹಿಡ್ಕೊಂಡು ಬಂದಿದ್ದೆ ಮಾರಾಯ್ರೆ. ಚಪ್ಪಲಿ ನೋಡಿ ವಾಪಸ್ ಹೋದೆ. ಅಷ್ಟು ಜನರ ಮಧ್ಯೆ ನಾನ್ಯಾಕೆ ಅಂತ.”

ಪಾರಿವಾಳ ಗುಂಪು ಕಂಡರೆ ಇಳಿಯುತ್ತದೆ, ಮನುಷ್ಯ ಗುಂಪು ಕಂಡರೆ ಹಿಂದಿರುಗುತ್ತಾನೆ. ಇದನ್ನು ಯಜಮಾನರು ಹೇಳಿರಲಿಲ್ಲ. ನೆಂಟರು ಯಾರೂ ಇಲ್ಲ, ಎಲ್ಲ ಮನೆಯದೇ ಚಪ್ಪಲಿ ಎಂದು ಒಪ್ಪಿಕೊಂಡೆ. ಅವರು ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ.

“ನೀವು ಮನೆಯವರನ್ನೂ ಮಕ್ಕಳನ್ನೂ ಕರ್ಕೊಂಡು ಬನ್ನಿ ಹಮೀದಾಕ” ಎಂದೆ. “ನಾನೂ ಮೇಲೆ ಬರ್ತಿದ್ದೆ. ನಿಮ್ಮ ಬಾಗಿಲಲ್ಲಿ ಹೆಂಗಸರ ಚಪ್ಪಲಿ, ಮಕ್ಕಳ ಚಪ್ಪಲಿ ಕಂಡು, ಸಂಸಾರದ ಮಧ್ಯೆ ಬೇಡ ಅಂತ ಇಳಿದು ಹೋಗ್ತಿದ್ದೆ.”

“ಯಾವ ಸಂಸಾರ? ಅವರೆಲ್ಲ ಪೆರ್ನಾಲ್ ಹಬ್ಬ ಕಳೆದ ಕೂಡ್ಲೆ ಊರಿಗೆ ಹೋದ್ರು. ಮಕ್ಕಳನ್ನು ಅಲ್ಲೇ ಶಾಲೆಗೆ ಹಾಕಿದ್ದು. ಚಪ್ಪಲಿ ಒಳಗೆ ತೆಗೆದಿಡ್ಲಿಕ್ಕೆ ಮನಸ್ಸಾಗ್ಲಿಲ್ಲ, ಅಲ್ಲೇ ಉಂಟು.”

ನಮ್ಮ ಮಹಡಿ ಬಂತು. ನಾನು ಇಳಿಯಲಿಲ್ಲ. “ನಿನ್ನೆಯ ಪತ್ತಿರು ಮುಗೀಲಿಲ್ಲ. ಒಬ್ಬನಿಗೆ ಎಷ್ಟು ಸೇರ್ತದೆ?” ಎಂದರು ಹಮೀದಾಕ.

ಅವರು ಬೀಗ ತೆರೆಯುವಾಗ ನಾನು ಕೆಳಗೆ ನೋಡಿದೆ. ಆ ಚಪ್ಪಲಿಗಳ ಮೇಲೆ ಕುವೈತಿನ ಧೂಳು ಬೆರಳಲ್ಲಿ ಬರೆಯಬಹುದಾದಷ್ಟು ಕೂತಿತ್ತು. ಒಂದು ಚೀಲ ಹುಸಿ ಹಕ್ಕಿಗಳ ಮೇಲಿನ ಸಣ್ಣ ಹೊಳಪನ್ನೂ ಹುಡುಕಿ ಹುಡುಕಿ ಉಜ್ಜಿದವನ ಕಣ್ಣಿಗೆ ಇದು ಇಷ್ಟು ದಿನ ಬಿದ್ದಿರಲಿಲ್ಲ. ಪಾರಿವಾಳಗಳನ್ನು ದಡ್ಡ ಎಂದು ಬೈದದ್ದು ನೆನಪಾಗಿ, ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಒಂದು ಕಡೆ ಅವರ ಹೆಂಡತಿಯ ಚಪ್ಪಲಿ, ಇನ್ನೊಂದು ಕಡೆ ಮಕ್ಕಳದು, ನಡುವೆ ಸ್ವಲ್ಪ ಜಾಗ ಖಾಲಿ ಇತ್ತು. ನನ್ನ ಚಪ್ಪಲಿ ಬಿಟ್ಟದ್ದು ಸರಿಯಾಗಿ ಅಲ್ಲಿಯೇ.