ಎದ್ದು ನಿಲ್ಲದ ಹುಳುಮನೆಯ ಬಗ್ಗೆ ಜೋಡಿ ಮಸೂರಕ್ಕೆ ದೂರು

ಮಾನ್ಯ ಜೋಡಿ ಮಸೂರದವರೇ,

ಹೊಂಗನೂರಿನ ರೇಷ್ಮೆ ಬೆಳೆಗಾರ ಅನಂತರಾಜು, ತಮ್ಮ ಗಾಜಿಗೊಂದರಂತೆ ಎರಡು ನಮಸ್ಕಾರ ಸಲ್ಲಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ನನ್ನ ಮನೆಗೆ ದಯಮಾಡಿಸಿ ತಿಂಗಳಾದರೂ ನಮ್ಮ ಹುಳುಮನೆ ಇನ್ನೂ ಕಾಗದದ ಮೇಲೆ ಅಂಗಾತ ಮಲಗಿದೆ.

ಹೋದ ವರ್ಷ, ಅಂದರೆ 2006ರಲ್ಲಿ, ಕಾರ್ಖಾನೆಯ ರಸ್ತೆಗೆಂದು ಹುಳುಮನೆ ಕೆಡವುವ ಮುಂಚೆ, ಚನ್ನಪಟ್ಟಣದ ಸ್ಟುಡಿಯೊ ಸಮದ್ ಅವರು ಕ್ಯಾಮೆರಾವನ್ನು ನಾಲ್ಕು ಬೆರಳಷ್ಟು ಸರಿಸಿ ಅದರ ಎರಡು ಫೋಟೊ ತೆಗೆದು, ಒಂದೇ ರಟ್ಟಿನ ಮೇಲೆ ಅಕ್ಕಪಕ್ಕ ಅಂಟಿಸಿಕೊಟ್ಟರು. ಎಡಗಣ್ಣಿಗೆ ಎಡದ್ದು, ಬಲಗಣ್ಣಿಗೆ ಬಲದ್ದು ಮಾತ್ರ ಕಾಣುವಂತೆ ನೋಡಿದರೆ ಮನೆ ಎದ್ದು ನಿಲ್ಲುತ್ತದೆ, ಒಳಗೆ ಕಾಲಿಡಬಹುದು ಅನ್ನಿಸುತ್ತದೆ ಎಂದರು. ಇಪ್ಪತ್ತು ವರ್ಷ ಅಲ್ಲಿ ಹುಳು ಸಾಕಿದ ನನ್ನ ಹೆಂಡತಿ ಶಿವಲಿಂಗಮ್ಮನಿಗೆ ಬೇಕಾದದ್ದು ಅಷ್ಟೇ. ಮೊದಲು ನಾನು ನೋಡಿ, ಸರಿಯಾದ ಸಾಧನ ಆರಿಸಿ, ಆಮೇಲೆ ನಿನಗೆ ಕೊಡುತ್ತೇನೆ ಎಂದು ದೊಡ್ಡಸ್ತಿಕೆ ಕೊಚ್ಚಿದೆ.

ಮೂಗಿಗೆ ರಟ್ಟು ಅಡ್ಡ ನಿಲ್ಲಿಸಿ ನೋಡಿದೆ, ಮೂಗು ಕೆಂಪಾಯಿತು. ಕ್ಯಾಲೆಂಡರ್ ಹಾಳೆ ಸುತ್ತಿ ಎರಡು ಕೊಳವೆ ಮಾಡಿದೆ. ಕತ್ತಲೆ ಜಾಸ್ತಿ, ಮನೆ ಕಡಿಮೆ. ಕನ್ನಡಿ ಹಿಡಿದರೆ ನನ್ನ ಮೀಸೆಯೇ ಕಂಡಿತು. ಕೊನೆಗೆ ಬೊಂಬೆ ಮಾಡುವ ಮುನಾವರ್ ಕಡೆದುಕೊಟ್ಟ ಎರಡು ಮರದ ಬಳೆಗಳಲ್ಲಿ ತಾವು ಬಿಜಯಂಗೈದಿರಿ. ತಮ್ಮ ಸಮದೃಷ್ಟಿಯನ್ನು ಏನೆಂದು ಹೊಗಳಲಿ, ಗೋಡೆ, ಬಾಗಿಲು, ಹೆಂಡತಿ ಎಲ್ಲವೂ ಒಂದೇ ಸಮನಾಗಿ ಚಪ್ಪಟೆ! ಆದಕಾರಣ ತಾವು ದಯವಿಟ್ಟು ಗೋಡೆಗಳನ್ನು ಎಬ್ಬಿಸಿ, ಹಿಪ್ಪುನೇರಳೆ ಸೊಪ್ಪಿನ ವಾಸನೆ ಬರಿಸಿ, ಸಾಧ್ಯವಾದರೆ ಲಾರಿಗಳನ್ನು ಬೇರೆ ದಾರಿಯಲ್ಲಿ ಕಳಿಸಿಕೊಡಬೇಕೆಂದು ಕೋರಲು ಈ ಪತ್ರ ಶುರುಮಾಡಿದ್ದೆ.

ಇಷ್ಟು ಬರೆದು ಮತ್ತೊಮ್ಮೆ ತಮ್ಮನ್ನು ಕಣ್ಣಿಗೇರಿಸಿದಾಗ ಶಿವಲಿಂಗಮ್ಮ ಪಕ್ಕದಿಂದ ಬಗ್ಗಿ ನೋಡಿ, "ಅಲ್ಲಾ ಕಣ್ರೀ, ಗೂಡು ನೋಡ್ದಂಗೆ ಒಂದ್ ಕಣ್ ಮುಚ್ಕಂಡಿದ್ದೀರಲ್ಲಾ! ಅದುನ್ನೂ ಒಸಿ ಬುಡ್ರೀ!" ಎಂದಳು. ರಾಮನಗರದ ಮಾರುಕಟ್ಟೆಗೆ ಒಯ್ಯುವ ಮುನ್ನ ರೇಷ್ಮೆಗೂಡನ್ನು ಬಿಸಿಲಿಗೆ ಹಿಡಿದು, ಎಡಗಣ್ಣು ಮುಚ್ಚಿ ಕಲೆ ಹುಡುಕುವುದು ನನ್ನ ಮೂವತ್ತು ವರ್ಷದ ಅಭ್ಯಾಸ. ಬಲಗಣ್ಣಿನ ಹೆಮ್ಮೆಯಲ್ಲಿ ಇನ್ನೊಂದು ಕಣ್ಣಿರುವುದೇ ಮರೆತಿತ್ತು. ನಾಚಿಕೆಯಾಗಿ ತಮ್ಮನ್ನು ಅವಳ ಕೈಗೆ ಕೊಟ್ಟೆ.

ಅವಳು ನೋಡಿದಳು. ಸ್ವಲ್ಪ ಹೊತ್ತಿಗೆ ಕೈ ಮುಂದೆ ಚಾಚಿ, ಫೋಟೊದೊಳಗಿನ ಗೋಡೆಗೆ ಓರೆಯಾಗಿ ಒರಗಿಸಿದ್ದ ಚಂದ್ರಂಕಿಯನ್ನು, ಅಂದರೆ ಹುಳು ಗೂಡು ಕಟ್ಟುವ ಬಿದಿರು ತಟ್ಟೆಯನ್ನು, ನೆಟ್ಟಗೆ ಮಾಡಲು ಹೋದಳು. ನನಗೆ ದುಃಖ ತಡೆಯಲಾಗಲಿಲ್ಲ. ದೂರನ್ನು ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ.

ಎರಡು ಕಣ್ಣುಳ್ಳವನಾದ,
ತಮ್ಮ ವಿಶ್ವಾಸಿ,
ಅನಂತರಾಜು

ವಿ.ಸೂ.: ಹುಳುಮನೆ ಎದ್ದು ನಿಂತದ್ದನ್ನು ನಾನಿನ್ನೂ ನೋಡಿಲ್ಲ. ತಮ್ಮನ್ನು ಕೊಡು ಎಂದರೆ, "ತಡೀರಿ, ಮೊದ್ಲು ನಾನ್ ನೋಡಿ, ಸರಿಯಾಗೈತಾ ಅಂತ ಹೇಳ್ತೀನಿ" ಅನ್ನುತ್ತಾಳೆ. ಇವತ್ತಿಗೆ ಹನ್ನೊಂದು ದಿನ.