ಅತ್ತೆಯ ಸಂಚಿಯ ಕ್ಯಾಮೆರಾ

ಹೋದ ವರ್ಷ ನೀವು ನಮ್ಮ ಮನೆಗೆ ಬಂದಿದ್ದರೆ, ನಿಜವಾಗಿ ಬಂದಿದ್ದೀರೋ ಇಲ್ಲವೋ ಎಂಬುದನ್ನು ನೀವು ಹೇಳುವಂತಿರಲಿಲ್ಲ. ಅದನ್ನು ಹೇಳಬೇಕಾದವರು ನನ್ನ ಸೋದರತ್ತೆ. ನೀವು ಬಾಗಿಲಲ್ಲಿ ಚಪ್ಪಲಿ ಬಿಡುವುದರೊಳಗೆ ಅವರು ಸೊಂಟದ ಸಂಚಿಯಿಂದ ಒಂದು ಸಣ್ಣ ಕ್ಯಾಮೆರಾ ತೆಗೆದು ನಿಮ್ಮ ಫೋಟೋ ಹೊಡೆಯುವರು. ಆಮೇಲೆ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುವರು. ಫೋಟೋದಲ್ಲಿ ನೀವಿದ್ದರೆ, "ಬರ್ರಿ, ಕುಂದರ್ರಿ." ಇಲ್ಲದಿದ್ದರೆ? ಎದುರಿಗೆ ನಿಂತವರು ಫೋಟೋದಲ್ಲಿ ಇಲ್ಲದಿರುವುದು ಹೇಗೆ ಎಂದು ನೀವು ನಗಬಹುದು. ನಾವೂ ಮೊದಮೊದಲು ನಕ್ಕೆವು.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಅಂದಿನಿಂದ ಈ ಮನೆಯನ್ನು ಆಳುತ್ತಿರುವವರು. ಅಪ್ಪನದು ಆದೋನಿಯಲ್ಲಿ ಹತ್ತಿ ದಲಾಲಿ. ಹಾಗಾಗಿ ನಮ್ಮ ಪಡಸಾಲೆ ಖಾಲಿ ಇದ್ದದ್ದನ್ನು ನಾನು ಕಂಡಿಲ್ಲ. ಮಾರ್ಕೆಟ್ಟಿಗೆ ಹತ್ತಿ ತಂದ ಪೆದ್ದಹರಿವಾಣದವರು, ಕೌತಾಳದ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಒರಗಿಕೊಂಡವರು, ಯಾವ ಕಡೆಯ ನೆಂಟರೋ ಯಾರಿಗೂ ನೆನಪಿಲ್ಲದವರು. ಇಂಥ ಸಂತೆಯಲ್ಲಿ ಯಾರು ಯಾರೆಂದು ತಿಳಿದವರು ಅತ್ತೆ ಒಬ್ಬರೇ.

ದೀಪಾವಳಿ ಕಳೆದ ಮೇಲೆ ಅವರ ನಡೆಯಲ್ಲಿ ಏನೋ ಬದಲಾಯಿತು. ಪಡಸಾಲೆಯ ಕಂಬವೊಂದರ ಹತ್ತಿರ ಬಂದಾಗ ನೆಟ್ಟಗೆ ನಡೆಯದೆ ಪಕ್ಕಕ್ಕೆ ಸರಿದು ಸುತ್ತಿ ಹೋಗುತ್ತಿದ್ದರು. ಅಲ್ಲಿ ಏನೂ ಇರಲಿಲ್ಲ. ಚಾಪೆ ಹಾಸುವಾಗ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಡುತ್ತಿದ್ದರು. ಖಾಲಿ ಬಾಗಿಲ ಮುಂದೆ ನಿಂತು, ಒಳಗಿನವರು ಹೊರಗೆ ಬರಲಿ ಎಂಬಂತೆ ಕಾಯುತ್ತಿದ್ದರು. ಸೋಜಿಗವೆಂದರೆ ಕೆಲವೇ ದಿನಗಳಲ್ಲಿ ಆಡಲು ಬರುವ ಓಣಿಯ ಮಕ್ಕಳೂ ಆ ಕಂಬವನ್ನು ಸುತ್ತಿ ಹೋಗತೊಡಗಿದವು. ಯಾಕೆಂದು ಕೇಳಿದರೆ ಅವಕ್ಕೂ ಗೊತ್ತಿಲ್ಲ. ಒಂದು ಸಂಜೆ ಶಾಲೆಯ ಕೆಲಸ ಮುಗಿಸಿ ಬಂದು ಚೀಲ ಇಡಲು ಹೋದ ನಾನೂ ಸುತ್ತಿಕೊಂಡೇ ಹೊರಟಿದ್ದೆ. ಅರ್ಧದಲ್ಲಿ ಅರಿವಾಗಿ ನಿಂತೆ. ಮಕ್ಕಳಿಗೆ ವಿಜ್ಞಾನ ಪಾಠ ಹೇಳುವವಳು ನಾನು. ಆದರೂ ನೆಟ್ಟಗೆ ಹೋಗಲು ಧೈರ್ಯವಾಗಲಿಲ್ಲ.

ಅದೇ ದಿನಗಳಲ್ಲಿ ಅತ್ತೆ ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದು, ದಿನಾ ಬಳಸಲಿಕ್ಕೆ ಬರುವಂಥ ಒಂದು ಸಣ್ಣ ಕ್ಯಾಮೆರಾ ಬೇಕು ಎಂದರು. ಎಲೆ ಅಡಿಕೆಯ ಸಂಚಿಯಲ್ಲಿ ಹಿಡಿಸಬೇಕು. ಸದ್ದು ಮಾಡಬಾರದು. ತೆಗೆದ ಫೋಟೋ ಆಗಲೇ ಕಾಣಬೇಕು, ದೊಡ್ಡದು ಮಾಡಿ ನೋಡಲು ಬರಬೇಕು. ಫೋನು ಬೇಡವೇ ಬೇಡ. ಫೋನಿನಲ್ಲಿ ತೆಗೆದದ್ದು ಎಲ್ಲೆಲ್ಲಿಗೋ ಹೋಗುತ್ತದಂತೆ. ತಮ್ಮದು ತಮ್ಮ ಸಂಚಿಯಲ್ಲೇ ಇರಬೇಕು. ಯಾರ ಫೋಟೋ ತೆಗೆಯುತ್ತೀರಿ ಎಂದು ಕೇಳಿದೆ. ಅತ್ತೆ ನನ್ನ ಭುಜದ ಮೇಲಿಂದ ಹಿತ್ತಲ ಬಾಗಿಲನ್ನೇ ನೋಡುತ್ತ, "ಬಂದೋರದು," ಎಂದರು.

ಆದರೂ ಮೊದಲು ತಂಗಿಯ ಫೋನು ಕೊಟ್ಟು ನೋಡಿದೆ. ಅತ್ತೆ ತಮ್ಮದೇ ಫೋಟೋ ತೆಗೆಸಿಕೊಂಡರು. ಫೋನು ಅವರನ್ನು ನಲವತ್ತರ ಹೆಂಗಸು ಮಾಡಿ ತೋರಿಸಿತು. ಬೇರೆ ಯಾರಾದರೂ ಸಂತೋಷಪಡುತ್ತಿದ್ದರು. ಅತ್ತೆ ಕೆನ್ನೆ ಸವರಿಕೊಂಡು, "ನನ್ನ ಮಕದ ಗೆರಿ ಎಲ್ಲಿ ಹೋದ್ವು? ಇದ್ದದ್ದ ತೆಗಿತೈತಿ ಅಂದ್ರ, ಇಲ್ಲದ್ದ ತಂದು ಇಡಾದಿಲ್ಲ ಅಂತ ಏನು ಗ್ಯಾರಂಟಿ?" ಎಂದು ಫೋನನ್ನು ಬೆರಳ ತುದಿಯಲ್ಲಿ ಹಿಡಿದು ವಾಪಸ್ಸು ಕೊಟ್ಟರು.

ಪೇಟೆಯ ದೊಡ್ಡ ಅಂಗಡಿಗೆ ಹೋದೆವು. ಈಗ ಸಣ್ಣ ಕ್ಯಾಮೆರಾ ಯಾರೂ ಕೊಳ್ಳುವುದಿಲ್ಲ, ಹೊಸ ಫೋನಿನ ಚಮತ್ಕಾರ ನೋಡಿ ಎಂದು ಅಂಗಡಿಯಾತ ನಮ್ಮಿಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ ಫೋಟೋ ತೆಗೆದ. ನನ್ನ ಮೇಲೆ ಬೆರಳಾಡಿಸಿದ. ನಾನು ಮಾಯವಾದೆ. ಫೋಟೋದಲ್ಲಿ ಅತ್ತೆ ಒಬ್ಬರೇ ನಿಂತಿದ್ದರು. ನಾನಿದ್ದ ಜಾಗದಲ್ಲಿ ಬೀದಿ ಇತ್ತು, ಒಂದು ಸೈಕಲ್ಲಿತ್ತು. ನನ್ನ ಸೀರೆಯ ಹಿಂದೆ ಮರೆಯಾಗಿದ್ದ ಅದರ ಚಕ್ರವೂ ಈಗ ಪೂರ್ತಿ ದುಂಡಗಿತ್ತು. ಆ ಅರ್ಧ ಚಕ್ರವನ್ನು ಫೋನು ನೋಡಿದ್ದಾದರೂ ಯಾವಾಗ? ಅಂಗಡಿಯಾತ ನಗುತ್ತಿದ್ದ. ಅತ್ತೆ ಒಮ್ಮೆ ಫೋನನ್ನು ನೋಡಿದರು, ಒಮ್ಮೆ ನನ್ನನ್ನು. ಕುರ್ಚಿಯಲ್ಲಿ ಕುಸಿದು ನೀರು ಕೇಳಿದರು. ಮನೆ ಮುಟ್ಟುವವರೆಗೂ ನನ್ನ ಮುಂಗೈ ಬಿಡಲಿಲ್ಲ. ಆಗಾಗ ಒತ್ತಿ ಒತ್ತಿ ನೋಡುತ್ತಿದ್ದರು.

ಕಡೆಗೆ ಆಲೂರಿನಲ್ಲಿ ಫೋಟೋ ಸ್ಟುಡಿಯೋ ಮುಚ್ಚಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಒಬ್ಬಾತನ ಸುದ್ದಿ ಸಿಕ್ಕಿತು. ಆತನ ಗಾಜಿನ ಬೀರುವಿನಲ್ಲಿ ಹಳೆಯ ಸಣ್ಣ ಡಿಜಿಟಲ್ ಕ್ಯಾಮೆರಾಗಳು ಸಾಲಾಗಿ ಕೂತಿದ್ದವು. ಹೆಣ್ಣು ನೋಡುವ ಬೀಗರಂತೆ ಅತ್ತೆ ಒಂದೊಂದನ್ನೇ ಪರೀಕ್ಷಿಸಿದರು. ಒಂದರ ಕಣ್ಣು ತೆರೆಯಲು ತಡ. ಇದು ಏಳುವುದರೊಳಗೆ ಬಂದವರು ಹೋಗಿರುತ್ತಾರೆ ಎಂದು ಬದಿಗಿಟ್ಟರು. ಇನ್ನೊಂದಕ್ಕೆ ಗುಂಡಿಯೇ ಇಲ್ಲ, ಸ್ಕ್ರೀನನ್ನೇ ಮುಟ್ಟಬೇಕು. ರೊಟ್ಟಿ ತಟ್ಟಿ ತಟ್ಟಿ ಒರಟಾದ ಅತ್ತೆಯ ಬೆರಳನ್ನು ಅದು ಗುರುತಿಸಲೇ ಇಲ್ಲ. ಮತ್ತೊಂದು ತೆಳ್ಳಗೆ ಚೆಂದವಾಗಿತ್ತು, ಆದರೆ ಸ್ಕ್ರೀನು ಅಂಚೆ ಚೀಟಿಯಷ್ಟು. ಕೊನೆಗೆ ಬೂದುಬಣ್ಣದ ಒಂದು ದಪ್ಪನೆಯದು ಕೈಗೆ ಬಂತು. ಹೆಬ್ಬೆರಳಿಗೆ ಸಿಗುವ ಗುಂಡಿಗಳು, ಅಗಲ ಸ್ಕ್ರೀನು. ಪ್ರತಿಯೊಂದನ್ನೂ ಪರೀಕ್ಷಿಸಿದಂತೆ ಇದರಲ್ಲೂ ಅವರು ತೆಗೆದದ್ದು ಗೋಡೆಗಿದ್ದ ಖಾಲಿ ಬೆಂಚಿನ ಫೋಟೋವನ್ನು. ದೊಡ್ಡದು ಮಾಡಿದರು, ಈ ತುದಿಯಿಂದ ಆ ತುದಿಯವರೆಗೆ ಸರಿಸಿ ಸರಿಸಿ ನೋಡಿದರು. ಆಮೇಲೆ ಎದೆಯ ಮೇಲಿನ ಭಾರ ಇಳಿದಂತೆ ಉಸಿರು ಬಿಟ್ಟರು.

ಅಂಗಡಿಯಾತನಿಗೆ ಕುತೂಹಲ. ಬೆಂಚಿನ ಮೇಲೆ ಯಾರೂ ಇಲ್ಲವಲ್ಲಮ್ಮ ಎಂದು ತೆಲುಗಿನಲ್ಲಿ ಕೇಳಿದ.

"ಅದೇ ಕಾವಾಲಿ," ಎಂದರು ಅತ್ತೆ. ಅವರಿಗೆ ಬೇಕಾದದ್ದು ಅದೇ ಅಂತೆ!

ಆತ ಬೆಂಚಿನ ಕಡೆ ಒಮ್ಮೆ ತಿರುಗಿ ನೋಡಿ, ಬೇಗ ಬೇಗ ಕ್ಯಾಮೆರಾ ಕಟ್ಟಿಕೊಟ್ಟ. ಹಿಂದಿರುಗುವ ಬಸ್ಸಿನಲ್ಲಿ ಜನ ನಿಂತಿದ್ದರು. ಒಂದು ಸೀಟು ತೆರವಾಯಿತು. ಅತ್ತೆ ಅದರ ಫೋಟೋ ತೆಗೆದು, ನೋಡಿ, ಆಮೇಲೆ ಕೂತರು.

ಇಲ್ಲಿಯವರೆಗೆ ಎಲ್ಲವೂ ಹುಚ್ಚಾಟ ಎನ್ನಬಹುದಿತ್ತು. ಆದರೆ ತಂಗಿಯನ್ನು ನೋಡಲು ಕೌತಾಳದ ಕಡೆಯಿಂದ ಗಂಡಿನವರು ಬಂದರು. ನನ್ನ ಮದುವೆ ಮುರಿದು ನಾನು ತವರಿಗೆ ಬಂದ ಮೇಲೆ ಮನೆಗೆ ಬಂದ ಮೊದಲ ಒಳ್ಳೆಯ ಸಂಬಂಧ. ಅವ್ವ ಉಸಿರು ಬಿಗಿಹಿಡಿದು ಓಡಾಡುತ್ತಿದ್ದಳು. ಅತ್ತೆ ಎಲ್ಲರ ಫೋಟೋ ತೆಗೆದು, ನೋಡಿ, ಚಹದ ತಟ್ಟೆ ಹಿಡಿದು ಹೊರಟರು. ಅತ್ತೆ ಫೋಟೋ ತೆಗೆಯುವಾಗ ಕೈಕಾಲು ತೊಳೆಯಲು ಹೋಗಿದ್ದ ಹುಡುಗನ ಸೋದರಮಾವ, ತಡವಾಗಿ ಬಂದು ಮೂಲೆಯಲ್ಲಿ ಕೂತಿದ್ದರು. ಅತ್ತೆ ಅವರ ಬಳಿ ಬಂದು, ಒಂದು ಗಳಿಗೆ ನಿಂತು, ಮುಂದೆ ಹೋಗಿಬಿಟ್ಟರು. ಪಾಪ, ಆತ ಚಾಚಿದ ಕೈ ಚಾಚಿದಂತೆಯೇ ಇತ್ತು.

"ನಮಗ್ಯಾಕ ಚಾ ಇಲ್ಲರಿ?" ಎಂದರು ಆತ.

ಅತ್ತೆ ತಟ್ಟೆ ಸಮೇತ ಹಿಂದೆ ಸರಿದರು. "ನೀವು ಮಾತಾಡ್ತೀರೇನು?" ಎಂದರು.

ಗಂಡಿನವರು ಸೌಜನ್ಯಕ್ಕೆ ನಕ್ಕು, ತಿಳಿಸುತ್ತೇವೆ ಎಂದು ಹೇಳಿ ಎದ್ದು ಹೋದರು. ಅವ್ವ ಅತ್ತಳು. ಮನೆಯಲ್ಲಿ ಏನೋ ಸೇರಿಕೊಂಡಿದೆ, ತಾಯತ ಕಟ್ಟುವವರನ್ನು ಕರೆಸಬೇಕು ಎಂದಳು. ಅಪ್ಪ ಬೇಡವೆನ್ನಲಿಲ್ಲ, ಅಪ್ಪ ಬೇಡವೆನ್ನಲಿಲ್ಲವಲ್ಲ ಎಂದೇ ನನಗೆ ಭಯವಾಯಿತು.

ಮರುದಿನ ಅತ್ತೆ ಸ್ನಾನಕ್ಕೆ ಹೋದಾಗ ಸಂಚಿ ಬಿಚ್ಚಿ ಕ್ಯಾಮೆರಾ ನೋಡಿದೆ. ಬಂದು ಹೋದವರ ಫೋಟೋ ಕೆಲವೇ ಇದ್ದವು. ಉಳಿದವೆಲ್ಲ ಖಾಲಿ. ಖಾಲಿ ಬಾಗಿಲು, ಖಾಲಿ ಮೆಟ್ಟಿಲು, ಆ ಕಂಬ, ಹಿತ್ತಲ ಬಚ್ಚಲ ಕಲ್ಲು. ಎಲ್ಲವನ್ನೂ ಒಬ್ಬ ಮನುಷ್ಯನ ಫೋಟೋ ತೆಗೆಯುವಂತೆಯೇ ತೆಗೆದಿದ್ದರು. ಎದುರಿಗೆ ನಿಂತು, ಮುಖ ಇರಬೇಕಾದ ಎತ್ತರಕ್ಕೆ ಕ್ಯಾಮೆರಾ ಹಿಡಿದು. ಕೆಲವು ಕೆಳಗೆ ಬಾಗಿ, ಮಕ್ಕಳ ಎತ್ತರಕ್ಕೆ. ಒಂದರಲ್ಲಿ ನಾನಿದ್ದೆ, ಮಂಚದ ಅಂಚಿನಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಆದರೆ ಫೋಟೋದ ನಡುವೆ ನಾನಿರಲಿಲ್ಲ. ನಡುವೆ ಇದ್ದದ್ದು ನನ್ನ ಪಕ್ಕದ ಖಾಲಿ ಜಾಗ.

ಅತ್ತೆ ಒದ್ದೆ ಕೂದಲಲ್ಲಿ ಬಾಗಿಲಿಗೆ ಬಂದು ನಿಂತಿದ್ದರು. ಬಯ್ಯಲಿಲ್ಲ. ನನ್ನ ಎದುರಿಗೆ ಬಂದು ಕೂತರು. ಯಾರು ಬರುತ್ತಾರೆ ಎಂದು ಕೇಳಿದೆ.

"ಯಾರಂತ ಗೊತ್ತಿಲ್ಲವ್ವ. ನಮ್ಮೋರಂತೂ ಅಲ್ಲ. ರುಮಾಲಿನ ಗಂಡಸ್ರು ಅದಾರ, ಸಣ್ಣ ಸಣ್ಣ ಹುಡುಗ್ರು ಅದಾವ. ಮಾತಾಡಾದಿಲ್ಲ, ಸುಮ್ನ ನಿಂತಿರ್ತಾರ. ಒಬ್ಬಾಕಿ ಹಸರ ಸೀರಿಯಾಕಿ. ಈಗ ನಿನ್ನ ಹಿಂದ ನಿಂತಾಳ."

ನಾನು ತಿರುಗಿ ನೋಡಲಿಲ್ಲ. ಹಿಂದೆ ಏನೂ ಇಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ, ಕೊರಳ ಹಿಂದಿನ ಕೂದಲನ್ನು ಯಾರೋ ಬೆರಳಲ್ಲಿ ಸರಿಸಿದಂತಾಯಿತು.

ನಮ್ಮನ್ನೇ ಕೇಳಬಹುದಿತ್ತಲ್ಲ, ಇದಕ್ಕೆ ಕ್ಯಾಮೆರಾ ಯಾಕೆ ಎಂದೆ. ಅತ್ತೆ ನನ್ನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ಸಂಚಿಗೆ ಸೇರಿಸಿದರು.

"ಒಮ್ಮಿ ನಿಮ್ಮವ್ವನ ಕೇಳಿದೆ, ಬಾಗಿಲಾಗ ನಿಂತಾಕಿ ಯಾರು ಅಂತ. ಆಕಿ ಬಾಗಿಲ ನೋಡಲಿಲ್ಲ, ನನ್ನ ಮಕ ನೋಡಿದ್ಲು. ಕ್ಯಾಮೆರಾ ಹಂಗ ಮಕ ನೋಡಾದಿಲ್ಲ."

ತಾಯತದವರು ಬರುವ ಮೊದಲೇ ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಕ್ಯಾಮೆರಾವನ್ನು ಅವರು ಮೂಗಿಗೆ ತಾಗಿಸಿಕೊಂಡು ನೋಡುವುದನ್ನು ದಿನವೂ ಕಾಣುತ್ತಿದ್ದರೂ, ಕಣ್ಣಿನ ಕಡೆಗೆ ನಮ್ಮ ಯಾರ ಯೋಚನೆಯೂ ಹರಿದಿರಲಿಲ್ಲ. ಡಾಕ್ಟರು ಹೆಣ್ಣುಮಗಳು. ಬೆಳಕು ಬಿಟ್ಟು ನೋಡಿ, ಎರಡೂ ಕಣ್ಣಿಗೆ ಗಟ್ಟಿ ಪೊರೆ ಬಂದಿದೆ, ಇವರು ಮನೆಯಲ್ಲಿ ಓಡಾಡುತ್ತಿದ್ದದ್ದೆಲ್ಲ ಬರೀ ರೂಢಿಯ ಮೇಲೆ ಎಂದರು. ಅತ್ತೆ ಹೆದರುತ್ತ ಹೆದರುತ್ತ ಬಂದವರ ಸಂಗತಿ ಹೇಳಿದರು. ಡಾಕ್ಟರು ಆಶ್ಚರ್ಯಪಡಲಿಲ್ಲ. ಕಣ್ಣಿನಿಂದ ಚಿತ್ರ ಬರುವುದು ಕಡಿಮೆಯಾದಾಗ ಕೆಲವರಿಗೆ ಮಿದುಳು ತಾನೇ ಚಿತ್ರ ಬರೆದುಕೊಳ್ಳುತ್ತದೆ. ಇದು ದೆವ್ವವಲ್ಲ, ಹುಚ್ಚೂ ಅಲ್ಲ. ಹೇಳಿಕೊಳ್ಳಲು ಅಂಜಿ ಎಷ್ಟೋ ಜನ ಮುಚ್ಚಿಡುತ್ತಾರೆ. ಪೊರೆ ತೆಗೆದರೆ ಬಹುತೇಕ ಹೋಗುತ್ತದೆ ಎಂದು ನಿಧಾನವಾಗಿ ತಿಳಿಸಿದರು.

"ಹಂಗಾದ್ರ ನನ್ನ ತಲಿ ಕೆಟ್ಟಿಲ್ಲ?" ಎಂದರು ಅತ್ತೆ.

ಇಲ್ಲಮ್ಮ ಎಂದರು ಡಾಕ್ಟರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಸಂಚಿಗೆ ಕೈಹಾಕಿ ಡಾಕ್ಟರ ಫೋಟೋ ತೆಗೆದು ಪರೀಕ್ಷಿಸಿದರು. ಇಷ್ಟು ಒಳ್ಳೆಯ ಮಾತು ಹೇಳಿದಾಕಿ ಖರೇನೇ ಇದ್ದಾಳೋ ಇಲ್ಲವೋ ನೋಡಬೇಡವೇ?

ಮನೆಗೆ ಬಂದು ನಾನು ಎಲ್ಲವನ್ನೂ ಹೇಳಿದೆ. ಅವ್ವ ಹೋಗಿ ಅತ್ತೆಯ ಪಕ್ಕದಲ್ಲಿ ಕೂತಳು. ಅಪ್ಪ ಕೌತಾಳಕ್ಕೆ ತಾವೇ ಹೋಗಿ ಸಂಗತಿ ತಿಳಿಸಿದರು. ಆ ಸೋದರಮಾವ ದೊಡ್ಡ ಮನಸ್ಸಿನವರು. ಮತ್ತೆ ಬಂದು, ಮೊದಲು ತಮ್ಮ ಫೋಟೋ ತೆಗೆಸಿಕೊಂಡು, ಆಮೇಲೆ ಚಹ ಕುಡಿದರು. ತಂಗಿಯ ಮದುವೆ ಗೊತ್ತಾಯಿತು.

ಆಪರೇಷನ್ನಿಗೆ ಹೊರಡುವ ಮುಂಜಾನೆ ಅತ್ತೆ ವಿಭೂತಿ ಹಚ್ಚಿಕೊಂಡು ಪಡಸಾಲೆಗೆ ಬಂದರು. ಕಂಬದ ಕಡೆ, ಬಾಗಿಲ ಕಡೆ, ಮೆಟ್ಟಿಲ ಕಡೆ ತಿರುಗಿ ತಿರುಗಿ ಕೈಮುಗಿದರು. ಅವರು ಕೈಮುಗಿದ ಕಡೆ ಕೈಮುಗಿಯಬೇಕೋ ಬೇಡವೋ ತಿಳಿಯದೆ ಅಪ್ಪನೂ ಮುಗಿದೇಬಿಟ್ಟರು.

ಒಂದು ಕಣ್ಣಿನ ಪಟ್ಟಿ ಬಿಚ್ಚಿದ ದಿನ ಆಸ್ಪತ್ರೆಯ ಮಂಚದ ಸುತ್ತ ಮನೆಯವರೆಲ್ಲ ಸೇರಿದ್ದರು. ಯಾರಾದರೂ ಕಾಣುತ್ತಾರೇನು ಎಂದು ತಂಗಿ ಅಳುಕುತ್ತ ಕೇಳಿದಳು. ಅತ್ತೆ ಗೋಡೆಯುದ್ದಕ್ಕೂ ನೋಡಿ ತಲೆಯಾಡಿಸಿದರು. ಯಾರೂ ಇರಲಿಲ್ಲ. ಒಬ್ಬೊಬ್ಬರನ್ನೇ ನೋಡುತ್ತ ನನ್ನ ಬಳಿ ಬಂದು ನಿಂತಿತು ಅವರ ನೋಟ. ಕ್ಯಾಮೆರಾ ಕೇಳಲಿಲ್ಲ. ಹತ್ತಿರ ಕರೆದು, ನನ್ನ ಗಲ್ಲ ಹಿಡಿದು, ಕಿವಿಯ ಮೇಲಿನ ಬಿಳಿ ಕೂದಲನ್ನು ಸವರಿದರು. ಕಣ್ಣ ಕೆಳಗಿನ ಕಪ್ಪನ್ನು ಹೆಬ್ಬೆರಳಿಂದ ಒರೆಸಿ ನೋಡಿದರು, ಹೋಗಲಿಲ್ಲ.

"ಇಷ್ಟು ಯಾವಾಗ ಸೊರಗಿದಿ ನನ್ನವ್ವಾ?" ಎಂದರು. "ನನ್ನ ಎದುರಿಗೇ ಇದ್ದಿಯಲ್ಲ."

ನಾನು ತವರಿಗೆ ಬಂದಾಗಿನಿಂದ, ಅಷ್ಟು ಜನ ತುಂಬಿದ ಆ ಮನೆಯಲ್ಲಿ, ಯಾರೂ ಕೇಳಿರಲಿಲ್ಲ. ಮಂಚದ ಅಂಚಿಗೆ ಕೂತು ಅವರ ಮಡಿಲಲ್ಲಿ ಮುಖ ಇಟ್ಟೆ.